ಹೊಂಡದ ಕೊರಮೀನಿಗೆ ಮೇಕೆ ಕೂದಲಿನ ಜಿಗ್: ಮನೆಯಲ್ಲೇ ಕಟ್ಟಿಕೊಳ್ಳಿ

ಕೃಷಿ ಹೊಂಡಕ್ಕೆ ಮೀನುಮರಿ ಬಿಟ್ಟವರಲ್ಲಿ ಸುಮಾರು ಜನಕ್ಕೆ ಈ ಅನುಭವ ಆಗಿರುತ್ತೆ. ಮಳೆಗಾಲದಲ್ಲಿ ಎಣಿಸಿ ಎಣಿಸಿ ಮರಿ ಬಿಡ್ತೀವಿ. ದಿನಾ ಸಂಜೆ ತೌಡು, ಹಿಂಡಿ ಹಾಕ್ತೀವಿ. ಮೊದಮೊದಲು ನೀರಿನ ಮೇಲೆ ಪುಟುಪುಟು ಅಂತ ನೂರಾರು ಬಾಯಿ ಕಾಣುತ್ತೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಹಾಕಿದ ತೌಡು ಹಾಗೇ ತೇಲ್ತಾ ಇರುತ್ತೆ, ತಿನ್ನೋರೇ ಇಲ್ಲ.

ನಮ್ಮ ಹೊಂಡದಲ್ಲೂ ಹಾಗೇ ಆಯ್ತು. ಶಿರಾ ಕಡೆಯ ಒಣಭೂಮಿ ನಮ್ಮದು. 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ ಹೊಂಡ, ಒಳಗೆ 500 ಮೈಕ್ರಾನ್ ಶೀಟ್. ದಾಳಿಂಬೆಗೂ ತರಕಾರಿಗೂ ಅದೇ ನೀರು. ಆ ವರ್ಷ ಕಾಟ್ಲ, ರೋಹು, ಸಾಮಾನ್ಯ ಗೆಂಡೆ ಸೇರಿ 300 ಮರಿ ಬಿಟ್ಟಿದ್ದೆ. ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಡ್ರಿಪ್ ಫಿಲ್ಟರ್ ತೊಳೀತಾ ಕೂತಿದ್ದಾಗ ನೀರಿನ ಮೇಲೆ 'ಗುಳುಕ್' ಅಂತ ಒಂದು ಸದ್ದು. ತಿರುಗಿ ನೋಡಿದ್ರೆ ಉಂಗುರ ಮಾತ್ರ ಹರಡ್ತಾ ಇತ್ತು. ಹತ್ತು ನಿಮಿಷ ಬಿಟ್ಟು ಮತ್ತೆ ಅದೇ ಸದ್ದು. ಈ ಸಲ ಹಾವಿನಂಥ ಚಪ್ಪಟೆ ತಲೆ ಕಾಣಿಸ್ತು.

ಅದು ಕೊರಮೀನು. ಪುಸ್ತಕದಲ್ಲಿ ಮುರ್ರೆಲ್ ಅಂತಾರೆ. ನೀರಿನ ಮೇಲೆ ಬಂದು ಗಾಳಿ ಕುಡಿಯುವ ಮೀನು ಇದು. ಕೆರೆ ಒಣಗಿದ್ರೂ ಕೆಸರಿನಲ್ಲಿ ಸೇರಿಕೊಂಡು ದಿನ ತಳ್ಳುತ್ತೆ, ಮಳೆ ಬಿದ್ದ ನೆಲದ ಮೇಲೆ ತೆವಳಿಕೊಂಡು ಒಂದು ಗುಂಡಿಯಿಂದ ಇನ್ನೊಂದಕ್ಕೆ ಹೋಗುತ್ತೆ. ಆ ವರ್ಷ ಮೇಲಿನ ಕೆರೆ ಕೋಡಿ ಬಿದ್ದಿತ್ತು. ಹಳ್ಳದ ನೀರು ನಮ್ಮ ಹೂಳು ಗುಂಡಿ ದಾಟಿ ಹೊಂಡಕ್ಕೆ ನುಗ್ಗಿತ್ತು. ನೀರಿನ ಜೊತೆ ಇವೂ ಬಂದಿವೆ. ನೀರು ತುಂಬ್ತಲ್ಲ ಅಂತ ನಾನು ಖುಷಿಪಡ್ತಾ ನಿಂತಿದ್ದೆ. ಒಳಹರಿವಿಗೆ ಒಂದು ಜಾಲರಿ ಕಟ್ಟಬೇಕು ಅಂತ ತಲೆಗೆ ಹೊಳೀಲೇ ಇಲ್ಲ.

ಬೀಸುಬಲೆ ಹಾಕಿಸಿದೆ. ಆಳ ಜಾಸ್ತಿ ಇದ್ದಿದ್ದರಿಂದ ಬಲೆ ತಳ ಮುಟ್ಟುವ ಮೊದಲೇ ಕೊರಮೀನು ಜಾಗ ಖಾಲಿ ಮಾಡಿರ್ತಿತ್ತು. ಸಿಕ್ಕಿದ್ದು ಉಳಿದಿದ್ದ ನಾಲ್ಕು ಗೆಂಡೆ ಮಾತ್ರ. ನೀರು ಖಾಲಿ ಮಾಡೋಣ ಅಂದ್ರೆ ದಾಳಿಂಬೆ ಗತಿ ಏನು? ಉಳಿದಿದ್ದು ಗಾಳ.

ಅಲ್ಲೂ ಒಂದು ಎಡವಟ್ಟು ಮಾಡಿಕೊಂಡೆ. ಮಾಮೂಲಿ ಗಾಳಕ್ಕೆ ಎರೆಹುಳು ಚುಚ್ಚಿ, ಒಂದಡಿ ಮೇಲೆ ಸೀಸದ ಗುಂಡು ಕಟ್ಟಿ ಬಿಟ್ಟೆ. ಎರೆಹುಳು ಕಂಡ್ರೆ ಗೆಂಡೆ ಬಿಡುತ್ತಾ? ಯಾವುದನ್ನು ಉಳಿಸಬೇಕು ಅಂತ ಹೊರಟಿದ್ನೋ ಅದೇ ಮೊದಲು ಕಚ್ಚಿಕೊಂಡು ಬಂತು. ಮೂರನೇ ಸಲ ಗಾಳ ತಳದಲ್ಲಿ ಸಿಕ್ಕಿಹಾಕಿಕೊಳ್ತು. ಕಲ್ಲಿಗೆ ಸಿಕ್ಕಿರಬೇಕು ಅಂತ ಜಗ್ಗಿದೆ. ಶೀಟ್ ಹಾಸಿದ ಹೊಂಡದಲ್ಲಿ ಕಲ್ಲು ಎಲ್ಲಿಂದ ಬರುತ್ತೆ! ವಾರದಲ್ಲಿ ನೀರು ಗೇಣುದ್ದ ಇಳೀತು. ಬೇಸಿಗೆಯಲ್ಲಿ ನೀರು ತಳ ಕಂಡ ಮೇಲೆ ಹರಿದ ಜಾಗ ಹುಡುಕಿ, ಬಿಸಿಗಾಳಿ ಗನ್ ಇರೋರನ್ನು ಕರೆಸಿ ತೇಪೆ ಹಾಕಿಸಿದೆ. ತೂತು ನನ್ನ ಕಿರುಬೆರಳು ಹೋಗುವಷ್ಟು ಇತ್ತು. ಆ ತೂತಿನಲ್ಲಿ ಹೋದ ನೀರಿನಿಂದ ಒಂದು ಸಾಲು ಟೊಮ್ಯಾಟೊ ಬೆಳೀಬಹುದಿತ್ತು.

ಆಮೇಲೇ ನಾನು ಜಿಗ್ ಕಡೆ ತಿರುಗಿದ್ದು.

ಮೊನೆ ಮೇಲೆ, ಬೆನ್ನು ಕೆಳಗೆ

ಜಿಗ್ ಅಂದ್ರೆ ತಲೆ ಹತ್ತಿರವೇ ಭಾರ ಕೂರಿಸಿ, ಹಿಂದಕ್ಕೆ ಕೂದಲೋ ಪುಕ್ಕವೋ ಕಟ್ಟಿದ ಗಾಳ. ಹುಳು, ಹಿಟ್ಟು ಏನೂ ಚುಚ್ಚೋದು ಬೇಡ. ಕೋಲು ಎತ್ತಿದಾಗ ಮೇಲೇಳುತ್ತೆ, ಬಿಟ್ಟಾಗ ತಲೆ ಕೆಳಗಾಗಿ ಇಳಿಯುತ್ತೆ. ಆ ಏರಿಳಿತದಲ್ಲಿ ಕೂದಲು ಬಿಚ್ಚಿಕೊಂಡು ಮುದುಡಿಕೊಂಡು, ಸುಸ್ತಾದ ಸಣ್ಣ ಮೀನು ಉಸಿರಾಡಿದ ಹಾಗೆ ಕಾಣುತ್ತೆ. ಬೇಟೆ ಮೀನಿಗೆ ಅಷ್ಟು ಸಾಕು.

ನಮ್ಮ ಹೊಂಡಕ್ಕೆ ಇದರಲ್ಲಿ ಎರಡು ಲಾಭ ಇದೆ. ಕಾಟ್ಲ ಸೋಸಿ ತಿನ್ನುವ ಮೀನು, ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳೇ ಅದರ ಊಟ. ರೋಹು ಪಾಚಿ, ಕೊಳೆತ ಸೊಪ್ಪು ಅಂತ ಮೇಯ್ಕೊಂಡು ಇರುತ್ತೆ. ಓಡುವ ಕೂದಲಿನ ತುಂಡನ್ನು ಅಟ್ಟಿಸಿಕೊಂಡು ಹೋಗೋದು ಇವೆರಡರ ಸ್ವಭಾವ ಅಲ್ಲ. ಅಟ್ಟಿಸಿಕೊಂಡು ಬರೋದು ಕೊರಮೀನು. ಜಿಗ್ ಚಿಕ್ಕದಿದ್ರೆ ಜಿಲೇಬಿ ಮೀನೂ ಬರುತ್ತೆ. ಅಂದ್ರೆ ಬಲೆ ಮಾಡಲಾಗದ ಆಯ್ಕೆಯನ್ನು ಜಿಗ್ ಮಾಡುತ್ತೆ, ನಮ್ಮ ಮೀನನ್ನು ಬಿಟ್ಟು ಕಳ್ಳನನ್ನು ಹಿಡಿಯುತ್ತೆ. ಎರಡನೇ ಲಾಭ, ಭಾರ ಬೆನ್ನಿನ ಕಡೆ ಇರೋದ್ರಿಂದ ಗಾಳ ನೀರಿನಲ್ಲಿ ಮಗುಚಿಕೊಂಡು ಮೊನೆಯನ್ನು ಮೇಲೆ ಮಾಡಿಕೊಂಡು ಇಳಿಯುತ್ತೆ. ಶೀಟಿಗೆ ತಾಗೋದು ಬೆನ್ನು.

ಬೆನ್ನಿನ ಮೇಲೆ ಭಾರ ಕಟ್ಟುವ ಈ ಉಪಾಯ ನನ್ನದಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬಾಬ್ ಕ್ಲೌಸರ್ ಅನ್ನೋರು 1980ರ ದಶಕದಲ್ಲಿ ಡಂಬೆಲ್ ಆಕಾರದ ಭಾರದ ಕಣ್ಣನ್ನು ಗಾಳದ ಕಾಂಡಕ್ಕೆ ಕಟ್ಟಿ, ಜಿಂಕೆ ಬಾಲದ ಕೂದಲು ಜೋಡಿಸಿದರು. 'ಕ್ಲೌಸರ್ ಮಿನ್ನೋ' ಅಂತ ಪ್ರಪಂಚದಾದ್ಯಂತ ಅದು ಹೆಸರಾಯ್ತು. ಡಂಬೆಲ್ ಬದಲು ನಾನು ಬೋಲ್ಟಿನ ನಟ್ಟು ಬಳಸ್ತೀನಿ, ಅಷ್ಟೇ.

ಜಿಂಕೆ ಬಾಲ ಹುಡುಕಬೇಡಿ

ಇಲ್ಲಿ ಸ್ವಲ್ಪ ನಿಂತು ಓದಿ. ಫೋನಲ್ಲಿ ಜಿಗ್ ಕಟ್ಟುವ ವಿಡಿಯೊ ಹುಡುಕಿದ್ರೆ ಮೊದಲು ಬರೋದೇ 'ಬಕ್‌ಟೇಲ್'. ಅಮೆರಿಕದ ಬಿಳಿಬಾಲದ ಜಿಂಕೆಯ ಬಾಲದ ಕೂದಲು ಅದು. ಅಲ್ಲಿ ಪರವಾನಗಿ ತಗೊಂಡು ಬೇಟೆ ಆಡ್ತಾರೆ, ಬಾಲ ಅಂಗಡಿಗೆ ಬರುತ್ತೆ. ಆ ಕೂದಲಿನ ಗುಣ ನಿಜಕ್ಕೂ ಚೆನ್ನಾಗಿದೆ. ಬುಡದ ಕಡೆಯ ಕೂದಲು ಒಳಗೆ ಟೊಳ್ಳು, ದಾರ ಬಿಗಿದ್ರೆ ಛತ್ರಿ ಥರ ಅರಳುತ್ತೆ. ತುದಿ ಕಡೆಯದು ಗಟ್ಟಿ, ನೆಟ್ಟಗೆ ನಿಲ್ಲುತ್ತೆ.

ನಮ್ಮಲ್ಲಿ ಕಥೆ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಂಕೆ, ಕಡವೆ, ಮುಂಗುಸಿ ಇವುಗಳ ಕೂದಲು, ಚರ್ಮ ಇಟ್ಟುಕೊಳ್ಳೋದೇ ತಪ್ಪು. ಚಿತ್ರ ಬಿಡಿಸುವ ಬ್ರಷ್ಷಿಗೋಸ್ಕರ ಮುಂಗುಸಿಗಳನ್ನು ಕೊಂದಿದ್ದು, ಅರಣ್ಯ ಇಲಾಖೆಯೋರು ಬ್ರಷ್ ಜಪ್ತಿ ಮಾಡಿದ್ದು ನೀವೂ ಸುದ್ದಿಯಲ್ಲಿ ನೋಡಿರಬಹುದು. 'ನಾಯಿ ಹಿಡಿದಿದ್ದು', 'ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಸತ್ತಿದ್ದು', 'ತೋಟದಲ್ಲಿ ಬಿದ್ದಿತ್ತು' ಅನ್ನೋದು ನೆಪ ಆಗಲ್ಲ. ಹೊರದೇಶದ್ದು ಅಂತ ಆನ್‌ಲೈನ್‌ನಲ್ಲಿ ತರಿಸಿಕೊಂಡ್ರೂ, ಆ ಪ್ಯಾಕೆಟ್ಟಿನ ಒಳಗಿರೋದು ಯಾವ ದೇಶದ ಜಿಂಕೆ ಅಂತ ನೀವು ಹೇಗೆ ತೋರಿಸ್ತೀರಿ? ನಮ್ಮ ಊರಿನ ಹುಡುಗನೊಬ್ಬ ನಾನು ಕಟ್ಟಿದ್ದನ್ನು ನೋಡಿ, "ಅಣ್ಣ, ನಮ್ಮ ಅಟ್ಟದ ಮೇಲೆ ತಾತನ ಕಾಲದ ಜಿಂಕೆ ಚರ್ಮ ಐತೆ, ತರ್ಲಾ?" ಅಂದ. ಬೆಚ್ಚಿಬಿದ್ದೆ. "ಅದನ್ನ ಮುಟ್ಟಲೂ ಬೇಡ, ಯಾರಿಗೂ ಫೋಟೊ ಹಾಕಬೇಡ, ಮೊದ್ಲು ನಿಮ್ಮಪ್ಪನ ಜೊತೆ ಮಾತಾಡಿ ಅರಣ್ಯ ಇಲಾಖೆಯೋರನ್ನ ಕೇಳಿ" ಅಂತ ಹೇಳಿ ಕಳಿಸಿದೆ. ಒಂದು ಮೀನಿನ ಆಸೆಗೆ ಕೇಸು ಹಾಕಿಸಿಕೊಳ್ಳೋ ಕೆಲಸ ಯಾಕೆ?

ಬೇಕಾಗಿಯೂ ಇಲ್ಲ. ಮನೆ ಹಿಂದೆ ಮೇಕೆ ಇದೆ.

ಯಾವ ಕೂದಲು, ಯಾವ ಪ್ಲಾಸ್ಟಿಕ್

ಮೇಕೆ ಕೂದಲು ಕೇಳೋಕೆ ಪಕ್ಕದ ಹೊಲದ ಅಜ್ಜನ ಹತ್ತಿರ ಹೋದಾಗ ಅವರು ಬೀಡಿ ಕೆಳಗಿಟ್ಟು ನಕ್ಕಿದ್ರು. "ಏನ್ಲಾ ಮಗಾ, ಕಾಲೇಜಲ್ಲಿ ಹಣ್ಣಿನ ಗಿಡ ಓದ್ಕಂಡು ಬಂದೋನು ಈಗ ಮೇಕೆ ಬಾಲ ಹಿಡ್ಕಂಡ್ಯಾ?" ಆದ್ರೂ ಹೋತವನ್ನು ಅವರೇ ಹಿಡಿದುಕೊಂಡು, ಎಲ್ಲಿ ಕತ್ತರಿಸಿದ್ರೆ ಉದ್ದ ಸಿಗುತ್ತೆ ಅಂತ ತೋರಿಸಿಕೊಟ್ರು. ಬಾಲ, ತೊಡೆಯ ಹಿಂಭಾಗ, ಗಡ್ಡ, ಬೆನ್ನಿನ ನಡುಗೆರೆ. ಬಾಲದ ಕೂದಲು ನನಗೆ ಅತಿ ಹೆಚ್ಚು ಹಿಡಿಸಿದ್ದು. ಎರಡು ಮೂರು ಇಂಚು ಉದ್ದ, ಬುಡ ದಪ್ಪ, ತುದಿ ಸಣ್ಣ. ಈ ತುದಿ ಸಣ್ಣಗಾಗೋ ಗುಣ ಇದೆಯಲ್ಲ, ಕೂದಲಿನ ಜಿಗ್‌ನಲ್ಲಿ ಮುಖ್ಯ ಅದೇ. ಬುಡ ನೆಟ್ಟಗಿದ್ದು ತುದಿ ಮಾತ್ರ ಅಲ್ಲಾಡಿದ್ರೇ ಮೀನಿನ ಬಾಲದ ಥರ ಕಾಣೋದು.

ಜಿಂಕೆ ಕೂದಲಿನಂತೆ ಮೇಕೆಯದು ಟೊಳ್ಳಲ್ಲ. ಆದ್ದರಿಂದ ದಾರ ಬಿಗಿದ್ರೆ ಅರಳಲ್ಲ, ನುಣ್ಣಗಿದ್ದು ಜಾರುತ್ತೆ. ಹಾಗಾಗಿ ಬುಡಕ್ಕೆ ಅಂಟು ಬೇಕೇ ಬೇಕು. ಕುರಿ ಉಣ್ಣೆ ಬೇಡ. ನಮ್ಮ ಕಡೆ ಧಾರಾಳ ಸಿಗುತ್ತೆ ಅಂತ ಮೊದಲು ಅದನ್ನೇ ಕಟ್ಟಿದ್ದೆ. ನೀರಿಗೆ ಬಿದ್ದು ನಾಲ್ಕು ಸಲ ಎಳೆಯುವಷ್ಟರಲ್ಲಿ ಕಂಬಳಿ ಥರ ಗಂಟುಕಟ್ಟಿಕೊಳ್ತು. ಕಂಬಳಿ ಆಗೋದೇ ಅದರ ಗುಣ, ಅದರ ತಪ್ಪೇನಿಲ್ಲ. ಎತ್ತಿನ ಬಾಲದ ತುದಿಯ ಕುಚ್ಚು ಗಟ್ಟಿ, ಬಾಳಿಕೆ ಚೆನ್ನ. ಸ್ವಲ್ಪ ದೊಡ್ಡ ಜಿಗ್‌ಗೆ ಆಗುತ್ತೆ. ಆದ್ರೆ ನೊಣ ಓಡಿಸಿಕೊಳ್ಳೋಕೆ ಅದಕ್ಕೂ ಬಾಲ ಬೇಕಲ್ವಾ, ಹತ್ತು ಎಳೆ ಸಾಕು. ಮನುಷ್ಯರ ಕೂದಲು ಪ್ರಯತ್ನಿಸಿ ನೋಡಿದೆ. ಒದ್ದೆಯಾದ್ರೆ ಒಂದಕ್ಕೊಂದು ಅಂಟಿಕೊಂಡು ಹಗ್ಗ ಆಗುತ್ತೆ, ಕೆಲಸಕ್ಕೆ ಬರಲ್ಲ.

ಸಿಂಥೆಟಿಕ್ ಕಡೆ ಬಂದ್ರೆ ಮೂರು ಥರ ಸುಲಭವಾಗಿ ಸಿಗುತ್ತೆ. ಟೆಡ್ಡಿ ಬೊಂಬೆಯ ತುಪ್ಪಳ, ಜಾತ್ರೆಯಲ್ಲಿ ಹೆಣ್ಣುಮಕ್ಕಳು ಕೊಳ್ಳೋ ಚೌರಿ, ಹಳೇ ಬೊಂಬೆಯ ತಲೆಗೂದಲು. ಟೆಡ್ಡಿ ತುಪ್ಪಳ ಹೆಚ್ಚಾಗಿ ಅಕ್ರಿಲಿಕ್. ವಿದೇಶದಲ್ಲಿ 'ಕ್ರಾಫ್ಟ್ ಫರ್' ಅಂತ ದುಡ್ಡು ಕೊಟ್ಟು ಕೊಳ್ಳೋದು ಇಂಥದ್ದನ್ನೇ. ತುಂಬ ಮೃದು, ನೀರಿನಲ್ಲಿ ಮೇಕೆ ಕೂದಲಿಗಿಂತ ಚೆನ್ನಾಗಿ ಆಡುತ್ತೆ. ನನ್ನ ಮಗಳ ಕರಡಿಗೆ ಬೆನ್ನಿನ ಹಿಂದೆ ಬೋಳು ಯಾಕೆ ಬಂತು ಅಂತ ಅವಳಿಗೆ ಇನ್ನೂ ಗೊತ್ತಿಲ್ಲ. ಚೌರಿ ಉದ್ದ ಇರುತ್ತೆ, ಬಣ್ಣ ಹೋಗಲ್ಲ. ಆದ್ರೆ ಈ ನಾರೆಲ್ಲ ಬುಡದಿಂದ ತುದಿವರೆಗೆ ಒಂದೇ ದಪ್ಪ. ಕತ್ತರಿಯಲ್ಲಿ ನೇರ ಕತ್ತರಿಸಿದ್ರೆ ಪೊರಕೆ ಥರ ಕಾಣುತ್ತೆ. ಕತ್ತರಿಯನ್ನು ಓರೆಯಾಗಿ ಹಿಡಿದು ತುದಿಯನ್ನು ಅಲ್ಲಲ್ಲಿ ಕಚ್ಚಿದ ಹಾಗೆ ತೆಳ್ಳಗೆ ಮಾಡ್ಕೊಬೇಕು, ಕ್ಷೌರದಂಗಡಿಯಲ್ಲಿ ಮಾಡ್ತಾರಲ್ಲ ಹಾಗೆ.

ಯಾವ ನಾರು ಅಂತ ಗೊತ್ತಾಗದಿದ್ರೆ ಎರಡು ಪರೀಕ್ಷೆ ಮಾಡಿ. ನಾಲ್ಕು ಎಳೆಗೆ ಬೆಂಕಿ ತಾಗಿಸಿ. ಪ್ರಾಣಿ ಕೂದಲಾದ್ರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗುತ್ತೆ. ಸಿಂಥೆಟಿಕ್ ಆದ್ರೆ ಕರಗಿ ಮಣಿಯಾಗುತ್ತೆ. ಇನ್ನೊಂದು, ಲೋಟದ ನೀರಿಗೆ ಒಂದು ಹನಿ ಸೋಪು ಹಾಕಿ ಎಳೆಗಳನ್ನು ಮುಳುಗಿಸಿ ಬಿಡಿ. ನೈಲಾನ್, ಪಾಲಿಯೆಸ್ಟರ್ ತಳ ಸೇರುತ್ತೆ. ಪಾಲಿಪ್ರೊಪಿಲೀನ್ ತೇಲುತ್ತೆ. ಗೊಬ್ಬರದ ಚೀಲ ಬಿಚ್ಚಿ ತೆಗೆದ ನಾರು ಇದೇ ಪಾಲಿಪ್ರೊಪಿಲೀನ್. ಬಿಳಿ ಬಣ್ಣ, ಹೊಳಪು, ಪುಕ್ಕಟೆ ಅಂತ ನಾನು ಅದನ್ನು ಕಟ್ಟಿದ್ದೆ. ತಲೆ ಮುಳುಗಿತು, ಬಾಲ ಮೇಲಕ್ಕೆ ನಿಂತುಕೊಳ್ತು. ಮೀನಿನ ಬದಲು ನೀರೊಳಗೆ ಮುಳ್ಳುಹಂದಿ ಇದ್ದ ಹಾಗೆ! ಅದೂ ಅಲ್ಲದೆ ಬಿಸಿಲಿಗೆ ಆ ನಾರು ಪುಡಿಯಾಗಿ ಹೊಂಡದ ನೀರಿಗೆ, ಅಲ್ಲಿಂದ ಡ್ರಿಪ್ ಫಿಲ್ಟರಿಗೆ ಬರುತ್ತೆ. ಅದನ್ನು ಬಿಟ್ಟುಬಿಡಿ.

ಈಗ ನಾನು ಕಟ್ಟೋದು ಬೆರಕೆ. ಬುಡದಲ್ಲಿ ಮೇಕೆ ಬಾಲದ ಕೂದಲು, ಅದರ ಮೇಲೆ ತೆಳ್ಳಗೆ ಟೆಡ್ಡಿ ತುಪ್ಪಳ. ಮೇಕೆ ಕೂದಲು ಆಕಾರ ಹಿಡಿದು ನಿಲ್ಲುತ್ತೆ, ತುಪ್ಪಳ ಅದರ ಮೇಲೆ ಆಡುತ್ತೆ. ಬರೀ ತುಪ್ಪಳ ಕಟ್ಟಿದ್ರೆ ಗಾಳದ ಮೊನೆಗೇ ಸುತ್ತಿಕೊಳ್ಳುತ್ತೆ.

ಸೀಸ ಕಾಯಿಸಬೇಡಿ, ನಟ್ಟು ಇದೆ

ವಿಡಿಯೊಗಳಲ್ಲಿ ಸೀಸ ಕರಗಿಸಿ ಅಚ್ಚಿಗೆ ಹುಯ್ಯೋದು ತೋರಿಸ್ತಾರೆ. ಸೀಸ 327 ಡಿಗ್ರಿಗೇ ಕರಗುತ್ತೆ, ಒಲೆ ಮೇಲೆ ಆಗಿಬಿಡುತ್ತೆ ಅನ್ನೋದೇ ಅಪಾಯ. ಅದರ ಹೊಗೆ, ಧೂಳು ವಿಷ, ಮಕ್ಕಳಿಗಂತೂ ಇನ್ನೂ ಕೆಟ್ಟದ್ದು. ಅಚ್ಚಿನಲ್ಲಿ ಒಂದು ಹನಿ ನೀರಿದ್ರೆ ಆವಿಯಾಗಿ ಕಾದ ಸೀಸ ಮುಖಕ್ಕೆ ಸಿಡಿಯುತ್ತೆ. ಜೊತೆಗೆ, ಸಾವಯವ ಅಂತ ಹೇಳಿ ತರಕಾರಿ ಮಾರುವ ನಾನು ಅದೇ ತರಕಾರಿಗೆ ಬಿಡುವ ನೀರಿನಲ್ಲಿ ಸೀಸದ ಉಂಡೆ ಕಳ್ಕೊಂಡು ಬರೋದು ಸರಿಯಾ? ದಾರ ಕಿತ್ತುಹೋಗೋದು ಮಾಮೂಲಿ, ಕಳೆದ ಜಿಗ್ ಹೊಂಡದಲ್ಲೇ ಉಳಿಯುತ್ತೆ.

6 ಎಂಎಂ ಬೋಲ್ಟಿನ ಕಬ್ಬಿಣದ ನಟ್ಟು ತಗೊಳ್ಳಿ. ಒಂದು ನಟ್ಟು ಎರಡರಿಂದ ಎರಡೂವರೆ ಗ್ರಾಂ ತೂಗುತ್ತೆ. ಮೂರು ಮೀಟರ್ ಆಳಕ್ಕೆ ಒಂದು ಸಾಕು, ಗಾಳಿ ಜೋರಿದ್ದ ದಿನಕ್ಕೆ ಎರಡು. ಗಾಳ ಉದ್ದ ಕಾಂಡದ್ದಿರಲಿ, ಒಂದಕ್ಕೆ ಸೊನ್ನೆ ನಂಬರ್ ಅಂತ ಕೇಳಿದ್ರೆ ಕೊಡ್ತಾರೆ. ಮೊದಲು ಮಾಡಬೇಕಾದ್ದು, ಮೊನೆಯ ಹತ್ತಿರದ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡೋದು. ಶೀಟಿಗೆ ತಾಗಿದ್ರೂ ಬಿಡಿಸಿಕೊಳ್ಳುತ್ತೆ, ನಿಮ್ಮ ಬೆರಳಿಗೆ ಚುಚ್ಚಿದ್ರೂ ಆಸ್ಪತ್ರೆಗೆ ಹೋಗದೆ ಹೊರಗೆ ಬರುತ್ತೆ.

ಕಸಿ ಕಟ್ಟಿದ ಕೈ ಇದ್ರೆ ಸಾಕು

ಮಾವಿಗೋ ದಾಳಿಂಬೆಗೋ ಕಸಿ ಕಟ್ಟಿದವರಿಗೆ ಇದು ಹತ್ತು ನಿಮಿಷದ ವಿದ್ಯೆ. ಎರಡರಲ್ಲೂ ಕೆಲಸ ಒಂದೇ, ಸುತ್ತು ಸುತ್ತಿಗೂ ಬಿಗಿ ಸಮ ಇರಬೇಕು, ಮಧ್ಯೆ ಸಡಿಲ ಆಗಬಾರದು.

ಕೂದಲನ್ನು ಹಿಂದಿನ ದಿನವೇ ಅಂಟುವಾಳದ ನೀರಲ್ಲೋ ಶಾಂಪುವಲ್ಲೋ ತೊಳೆದು ನೆರಳಲ್ಲಿ ಒಣಗಿಸಿ. ಮೇಕೆ ಜಿಡ್ಡು ಹೋಗದಿದ್ರೆ ಅಂಟು ಹಿಡಿಯಲ್ಲ, ಡಬ್ಬಿಯಲ್ಲಿ ಹುಳ ಬೀಳುತ್ತೆ. ಹೇನು ತೆಗೆಯೋ ಸಣ್ಣ ಬಾಚಣಿಗೆಯಲ್ಲಿ ಬುಡದ ಕಡೆಯಿಂದ ಬಾಚಿ, ಒಳಗಿನ ಮೆತ್ತನೆ ಉಣ್ಣೆ ಪೂರ್ತಿ ತೆಗೀಬೇಕು. ಅದನ್ನು ಬಿಟ್ರೆ ಕಟ್ಟು ದಪ್ಪ ಆಗುತ್ತೆ, ಬಾಲ ಆಡಲ್ಲ.

ಗಾಳವನ್ನು ಬಾಗಿದ ಕಡೆಯಿಂದ ಇಕ್ಕಳದಲ್ಲಿ ಹಿಡಿದು, ಇಕ್ಕಳದ ಹಿಡಿಗೆ ಟ್ಯೂಬಿನ ರಬ್ಬರ್ ಬಿಗಿದು ಮೇಜಿನ ಅಂಚಿಗೆ ಕಟ್ಟಿ. ವೈಸ್ ಇದ್ರೆ ಇನ್ನೂ ಒಳ್ಳೇದು. ಗಟ್ಟಿ ಪಾಲಿಯೆಸ್ಟರ್ ಹೊಲಿಗೆ ದಾರಕ್ಕೆ ಜೇನುಮೇಣ ಸವರಿ. ಕಣ್ಣಿನ ಹಿಂದೆ ಎರಡು ಎಂಎಂ ಬಿಟ್ಟು, ಕಾಂಡದ ಮೇಲೆ ಒತ್ತೊತ್ತಾಗಿ ಒಂದು ಪದರ ದಾರ ಸುತ್ತಿ. ಇದನ್ನು ಬಿಡಬೇಡಿ, ಬರೀ ಉಕ್ಕಿನ ಮೇಲೆ ಏನು ಕಟ್ಟಿದ್ರೂ ತಿರುಗುತ್ತೆ. ಈಗ ನಟ್ಟನ್ನು ಕಾಂಡದ ಬೆನ್ನಿನ ಮೇಲೆ, ಅಂದ್ರೆ ಮೊನೆ ಇರುವ ಕಡೆಗೆ ವಿರುದ್ಧವಾಗಿ, ಮಲಗಿಸಿ. ನಟ್ಟಿನ ತೂತಿನಲ್ಲಿ ದಾರ ತೂರಿಸಿ ಕಾಂಡಕ್ಕೆ ಈ ಕಡೆ ಹತ್ತು ಸುತ್ತು, ಆ ಕಡೆ ಹತ್ತು ಸುತ್ತು ಬಿಗಿಯಿರಿ. ಪೈಪಿಗೆ ಬಳಸುವ ಎಂ-ಸೀಲ್ ಕಲಸಿ, ನಟ್ಟು ಮುಚ್ಚುವಷ್ಟು ಹಚ್ಚಿ, ಒದ್ದೆ ಬೆರಳಲ್ಲಿ ಮೀನಿನ ತಲೆ ಥರ ನುಣುಪು ಮಾಡಿ. ಹೆಚ್ಚಿನ ಭಾಗ ಬೆನ್ನಿನ ಕಡೆಯೇ ಇರಲಿ, ಹೊಟ್ಟೆ ಕಡೆ ತೆಳ್ಳಗೆ ಸಾಕು. ಒಂದು ರಾತ್ರಿ ಬಿಡಿ. ನಾನು ಒಂದು ಸಲಕ್ಕೆ ಹತ್ತು ತಲೆ ಮಾಡಿಟ್ಟುಕೊಳ್ತೀನಿ.

ಮಾರನೇ ದಿನ ಕೂದಲು. ಎಲ್ಲರೂ ಮಾಡೋ ತಪ್ಪು ಒಂದೇ, ಜಾಸ್ತಿ ಹಾಕೋದು. ಪೆನ್ಸಿಲ್ ದಪ್ಪದ ಕಂತೆ ಹಾಕಿದ್ರೆ ಜಿಗ್ ಮುಳುಗೋದೇ ಇಲ್ಲ, ಮುಳುಗಿದ್ರೂ ಬ್ರಷ್ ಥರ ನಿಲ್ಲುತ್ತೆ. ಬೆಂಕಿಕಡ್ಡಿ ದಪ್ಪದ ಮೂರು ಸಣ್ಣ ಕಂತೆ ಸಾಕು. ತುದಿ ಸಮ ಮಾಡೋಕೆ ಕಂತೆಯನ್ನು ತುದಿ ಕೆಳಗಾಗಿ ಪೆನ್ನಿನ ಕ್ಯಾಪಿಗೆ ಹಾಕಿ ಮೇಜಿಗೆ ನಾಲ್ಕು ಸಲ ಕುಟ್ಟಿ. ಉದ್ದ ಗಾಳದ ಒಂದೂವರೆ ಪಟ್ಟು ಇರಲಿ, ಅದಕ್ಕಿಂತ ಉದ್ದ ಆದ್ರೆ ಮೀನು ಬಾಲ ಕಚ್ಚಿಕೊಂಡು ಹೋಗುತ್ತೆ, ಮೊನೆ ತಾಗಲ್ಲ. ಬುಡವನ್ನು ಓರೆಯಾಗಿ ಕತ್ತರಿಸಿ, ತಲೆಯ ಹಿಂದೆ ಇಟ್ಟು, ಮೊದಲು ಎರಡು ಸುತ್ತು ಸಡಿಲವಾಗಿ ಹಾಕಿ, ಕೂದಲು ಜಾಗದಲ್ಲಿ ಕೂತ ಮೇಲೆ ಮೂರನೆಯದನ್ನು ಬಿಗಿಯಾಗಿ ಎಳೀರಿ. ಮೊದಲ ಸುತ್ತನ್ನೇ ಬಿಗಿದ್ರೆ ಕಂತೆಯೆಲ್ಲ ಒಂದು ಕಡೆ ತಿರುಗಿಬಿಡುತ್ತೆ. ಬುಡಕ್ಕೆ ಒಂದು ಹನಿ ಫೆವಿಕ್ವಿಕ್. ಒಂದು ಕಂತೆ ಬೆನ್ನಿಗೆ, ಎರಡು ಪಕ್ಕಕ್ಕೆ. ಹೊಟ್ಟೆ ಕಡೆ, ಮೊನೆ ಇರೋ ಕಡೆ, ಏನೂ ಬೇಡ. ಕೊನೆಗೆ ಟೆಡ್ಡಿ ತುಪ್ಪಳದ ತೆಳು ಪದರ. ದಾರದ ತುದಿಯನ್ನು ಅದರದೇ ಸುತ್ತಿನ ಕೆಳಗೆ ಮೂರು ನಾಲ್ಕು ಸಲ ತೂರಿಸಿ ಎಳೆದು, ಕತ್ತರಿಸಿ, ಮೇಲೆ ಎರಡು ಕೋಟ್ ನೇಲ್ ಪಾಲಿಶ್. ಕಪ್ಪು ಜಿಗ್‌ಗೆ ಕೆಂಪು ಪಾಲಿಶ್ ನೋಡೋಕೆ ಚೆಂದ, ಮೀನಿಗೇನೂ ವ್ಯತ್ಯಾಸ ಆಗಿದ್ದು ನಾನು ಕಂಡಿಲ್ಲ.

ಶೀಟ್ ಹೊಂಡಕ್ಕೆ ಇನ್ನೊಂದು ಕಾಪು ಹಾಕ್ತೀನಿ. ಪ್ಲಾಸ್ಟಿಕ್ ಪೊರಕೆಯ ಆರೇಳು ಕಡ್ಡಿಯನ್ನು ತಲೆಯ ಹಿಂದೆ ಸೇರಿಸಿ ಕಟ್ಟಿ, ಮೊನೆಯ ಮುಂದೆ ಬರುವ ಹಾಗೆ ಓರೆಯಾಗಿ ನಿಲ್ಲಿಸೋದು. ಮೀನು ಕಚ್ಚಿದ್ರೆ ಕಡ್ಡಿ ಬಾಗುತ್ತೆ, ಶೀಟಿನ ಮಡಿಕೆಗೆ ತಾಗಿದ್ರೆ ಕಡ್ಡಿಯೇ ಮೊದಲು ತಾಗುತ್ತೆ. ಮುಗಿದ ಮೇಲೆ ಜಿಗ್ಗನ್ನು ಬಕೆಟ್ ನೀರಿಗೆ ಬಿಟ್ಟು ನೋಡಿ. ಮೊನೆ ಮೇಲೆ ಮಾಡಿಕೊಂಡು ಇಳಿದ್ರೆ ಪಾಸು. ಪಕ್ಕಕ್ಕೆ ಮಲಗಿದ್ರೆ ಬೆನ್ನಿಗೆ ಇನ್ನಷ್ಟು ಎಂ-ಸೀಲ್. ಬಕೆಟ್ ಪರೀಕ್ಷೆ ಆಗದ ಜಿಗ್ಗನ್ನು ನಾನು ಹೊಂಡಕ್ಕೆ ಹಾಕಲ್ಲ. ನನ್ನ ಲೆಕ್ಕದಲ್ಲಿ ಒಂದಕ್ಕೆ ಹದಿನೈದು ರೂಪಾಯಿ ಒಳಗೇ ಮುಗಿಯುತ್ತೆ, ಅದರಲ್ಲಿ ಗಾಳದ ಬೆಲೆಯೇ ಜಾಸ್ತಿ.

ನೀರಿಗಿಳಿಸಿದಾಗ

ಹೊಂಡದ ಕೆಂಪು ನೀರಿಗೆ ಕಪ್ಪು ಜಿಗ್ ಚೆನ್ನಾಗಿ ಕೆಲಸ ಮಾಡಿತು. ತಿಳಿನೀರಾದ ಮೇಲೆ, ಡಿಸೆಂಬರ್ ಹೊತ್ತಿಗೆ, ಬಿಳಿ. ಹೊತ್ತು ಹುಟ್ಟುವಾಗ ಮತ್ತು ಸಂಜೆ ಮೀನು ಅಂಚಿನ ಹತ್ತಿರವೇ ಸುತ್ತುತ್ತೆ. ನಡುನೀರಿಗೆ ಎಸೆಯೋ ಅಗತ್ಯ ಇಲ್ಲ. ಅಂಚಿಗೆ ಸಮಾನಾಂತರವಾಗಿ ಎಸೆದು, ಮುಳುಗೋಕೆ ಬಿಟ್ಟು, ಕೋಲಿನ ತುದಿಯನ್ನು ಗೇಣುದ್ದ ಎತ್ತಿ, ಇಳಿಸಿ, ಎರಡು ಎಣಿಸಿ, ಮತ್ತೆ ಎತ್ತಿ. ಕಚ್ಚೋದು ಹೆಚ್ಚಾಗಿ ಇಳಿಯುವಾಗ, ಆಗ ದಾರ ಸುಮ್ಮನೆ ಸಡಿಲ ಆದ ಹಾಗೆ ಅನಿಸುತ್ತೆ. ಕೊರಮೀನಿನ ಬಾಯಿ ಗಟ್ಟಿ, ಅನುಮಾನ ಬಂದ ತಕ್ಷಣ ಜೋರಾಗಿ ಎಳೀಬೇಕು. ಹಿಮ್ಮುಳ್ಳು ಒತ್ತಿರೋದ್ರಿಂದ ದಾರ ಒಂದು ಕ್ಷಣವೂ ಸಡಿಲ ಬಿಡಬೇಡಿ.

ಕಳೆ, ತಾವರೆ ತುಂಬಿದ ಕೆರೆಗೆ ಜಿಗ್ ಸರಿಹೋಗಲ್ಲ ಅನ್ನೋದನ್ನೂ ಹೇಳ್ಬೇಕು. ಅಲ್ಲಿ ನೀರ ಮೇಲೆ ಎಳೆಯುವ ರಬ್ಬರ್ ಕಪ್ಪೆಯೇ ವಾಸಿ. ಜಿಗ್ ಬಿಚ್ಚುನೀರಿನ ಸಾಮಾನು.

ಹೊಂಡಕ್ಕೆ ಒಬ್ಬರೇ ಹೋಗಬೇಡಿ. ಒದ್ದೆ ಶೀಟ್ ಮೇಲೆ ಕಾಲಿಟ್ರೆ ಈಜು ಬರೋರೂ ಹತ್ತಿ ಬರೋಕೆ ಆಗಲ್ಲ, ಹಿಡ್ಕೊಳ್ಳೋಕೆ ಏನೂ ಇರಲ್ಲ. ನಾಲ್ಕು ಮೂಲೆಗೂ ಗಂಟು ಹಾಕಿದ ಹಗ್ಗ ಇಳಿಬಿಟ್ಟಿರಿ, ಟ್ರ್ಯಾಕ್ಟರ್ ಟ್ಯೂಬ್ ಒಂದು ಪಕ್ಕದಲ್ಲಿರಲಿ. ಬೇಲಿ ಇಲ್ಲದಿದ್ರೆ ಜಿಗ್ ಕಟ್ಟೋದಕ್ಕಿಂತ ಮೊದಲು ಬೇಲಿ ಕಟ್ಟಿ. ಕಿತ್ತ ಗಾಳ, ನೈಲಾನ್ ದಾರದ ತುಂಡು ಬದುವಿನ ಮೇಲೆ ಬಿಡಬೇಡಿ, ಹುಲ್ಲಿನ ಜೊತೆ ದನದ ಹೊಟ್ಟೆಗೆ ಹೋಗುತ್ತೆ.

ಒಂದೂವರೆ ತಿಂಗಳಲ್ಲಿ ನಮ್ಮ ಹೊಂಡದಿಂದ ಏಳು ಕೊರಮೀನು ತೆಗೆದೆ. ದೊಡ್ಡದು ಒಂದು ಕಿಲೋ ನಾನೂರು ಗ್ರಾಂ. ಅದರ ಹೊಟ್ಟೆ ಸೀಳಿದಾಗ ಒಂದು ಕಪ್ಪೆ, ನನ್ನ ಎರಡು ರೋಹು ಮರಿ. ರೋಹು ಒಂದೂ ಜಿಗ್ಗಿಗೆ ಬರಲಿಲ್ಲ. ಗೆಂಡೆ ಒಂದು ಬಂತು, ಅದೂ ಬಾಯಿಗಲ್ಲ, ಪಕ್ಕೆಗೆ ಸಿಕ್ಕಿಕೊಂಡು. ಬಿಡಿಸಿ ವಾಪಸ್ ಬಿಟ್ಟೆ. ಬೇಸಿಗೆಯಲ್ಲಿ ನೀರಿಳಿದಾಗ ಎಣಿಸಿದ್ರೆ 300ರಲ್ಲಿ ಉಳಿದಿದ್ದು 94.

ಕೆರೆಯಲ್ಲಿ ಆಗಿದ್ದು

ಒಂದು ವಿಷಯ ಬರೀಬೇಕೋ ಬೇಡವೋ ಅಂತ ಯೋಚಿಸಿದೆ. ಹೊಂಡದಲ್ಲಿ ಜಿಗ್ ಕೆಲಸ ಮಾಡಿದ ಹುಮ್ಮಸ್ಸಿಗೆ ಮುಂದಿನ ಮಳೆಗಾಲ ಕೆರೆಗೆ ಹೋದೆ. ಕೆರೆ ಮೀನಿನ ಹಕ್ಕು ಹರಾಜಿನಲ್ಲಿ ಹಿಡಿದೋರನ್ನು ಕೇಳಿಯೇ ಹೋಗಿದ್ದೆ. ನೀವೂ ಕೇಳಿಯೇ ಹೋಗಿ, ಇಲ್ಲಾಂದ್ರೆ ಕಳ್ಳತನ ಅದು. ಅಂಚಿನಲ್ಲಿ ನೀರ ಮೇಲೆ ಊಟದ ತಟ್ಟೆಯಷ್ಟು ಅಗಲಕ್ಕೆ ಕಿತ್ತಳೆ ಬಣ್ಣದ ಸಣ್ಣ ಸಣ್ಣ ಮರಿಗಳು ಒಟ್ಟಿಗೆ ಕುದೀತಾ ಇದ್ದವು. ಅದರ ಪಕ್ಕಕ್ಕೆ ಜಿಗ್ ಬಿಟ್ಟ ಕೂಡಲೇ ದೊಡ್ಡ ಮೀನು ಬಂದು ಬಿತ್ತು. ಹಸಿವಿಗಲ್ಲ, ಸಿಟ್ಟಿಗೆ ಕಚ್ಚಿದ್ದು ಅದು. ಕೊರಮೀನು ಮರಿ ಮಾಡಿ ಬಿಟ್ಟುಹೋಗುವ ಮೀನಲ್ಲ, ತಂದೆ ತಾಯಿ ಸುತ್ತ ಕಾವಲು ಇರ್ತವೆ. ನಾನು ಮೀನನ್ನು ಚೀಲಕ್ಕೆ ಹಾಕಿ ತಿರುಗಿ ನೋಡುವಷ್ಟರಲ್ಲಿ ಆ ಕಿತ್ತಳೆ ತಟ್ಟೆ ಚದುರಿತ್ತು. ಜಿಲೇಬಿ ಮೀನುಗಳು ಕೆಳಗಿನಿಂದ ಬಂದು ಒಂದೊಂದೇ ಎಳೆದುಕೊಂಡು ಹೋಗ್ತಾ ಇದ್ದವು. ಆ ಸಾರನ್ನು ನಾನು ಉಣ್ಣಲಿಲ್ಲ ಅಂತೇನಿಲ್ಲ, ಉಂಡೆ. ಆದ್ರೆ ಕೆರೆಯಲ್ಲಿ ಮಳೆಗಾಲಕ್ಕೆ ಜಿಗ್ ಹಾಕೋದು ಅವತ್ತೇ ಕೊನೆ. ಹೊಂಡ ನನ್ನದು, ಅಲ್ಲಿ ಕೊರಮೀನು ಕಳ್ಳ. ಕೆರೆ ಅದರದು.

ಈ ವರ್ಷ ಒಳಹರಿವಿನ ಪೈಪಿಗೆ ಸಣ್ಣ ಕಣ್ಣಿನ ನೈಲಾನ್ ಜಾಲರಿ ಎರಡು ಪದರ ಕಟ್ಟಿದ್ದೀನಿ, ಹೂಳು ಗುಂಡಿಯ ಸುತ್ತ ಗೇಣೆತ್ತರ ಶೀಟ್ ಎಬ್ಬಿಸಿದ್ದೀನಿ. ಮಳೆ ಬಂದ ದಿನ ಜಾಲರಿಗೆ ಕಸ ಕಟ್ಟಿಕೊಳ್ಳುತ್ತೆ, ರಾತ್ರಿ ಎದ್ದು ಹೋಗಿ ಬಿಡಿಸಬೇಕು. ಹೊಸದಾಗಿ 300 ಮರಿ ಬಿಟ್ಟಾಗಿದೆ, ಸಂಜೆ ತೌಡಿಗೆ ಬಾಯಿ ಕಾಣ್ತಾ ಇದೆ. ಹಳೇ ಕೊರಮೀನು ಒಂದು ಮಾತ್ರ ಇನ್ನೂ ಒಳಗೇ ಇದೆ. ಬೆಳಿಗ್ಗೆ ಆರೂವರೆಗೆ ಪಂಪ್‌ಸೆಟ್ ಮೂಲೆಯಲ್ಲಿ 'ಗುಳುಕ್' ಅನ್ನುತ್ತೆ. ಮೇಕೆ ಕೂದಲಿಗೂ ಬರಲಿಲ್ಲ, ಕರಡಿ ತುಪ್ಪಳಕ್ಕೂ ಬರಲಿಲ್ಲ. ಎತ್ತಿನ ಬಾಲದ ಕುಚ್ಚು ನಾಲ್ಕು ಎಳೆ ತಂದು ತೊಳೆದು ಒಣಗೋಕೆ ಹಾಕಿದ್ದೀನಿ.